16 ಮತಗಳ ಅಂತರ, ನನ್ನದೊಂದು ವೋಟು

2023ರ ಮೇ 13ರ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಬೇಗ ಮಲಗಲಿಲ್ಲ. ರಾಜ್ಯದ ಫಲಿತಾಂಶ ಮಧ್ಯಾಹ್ನದ ಊಟದ ಹೊತ್ತಿಗೇ ಹೆಚ್ಚುಕಡಿಮೆ ತಿಳಿದುಹೋಗಿತ್ತು. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19 ಎಂಬ ಲೆಕ್ಕ ರಾತ್ರಿಯ ವೇಳೆಗೆ ಹಳೆಯ ಸುದ್ದಿಯಾಗಿತ್ತು. ನಮ್ಮ ಜಯನಗರದ ಎಣಿಕೆ ಮಾತ್ರ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಎಣಿಸಿದ್ದನ್ನು ಮತ್ತೆ ಎಣಿಸಿ, ತಿರಸ್ಕರಿಸಿದ್ದ ಅಂಚೆ ಮತಗಳನ್ನು ಮರಳಿ ಪರಿಶೀಲಿಸಿ, ಎಣಿಕೆ ಕೇಂದ್ರದ ಹೊರಗೆ ಎರಡೂ ಪಕ್ಷದವರು ಗಂಟಲು ಹರಿಯುವಂತೆ ಕೂಗಾಡಿದ ಮೇಲೆ, ಮಧ್ಯರಾತ್ರಿಯ ಹೊತ್ತಿಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿಯವರಿಗೆ 57,797 ಮತ, ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿಯವರಿಗೆ 57,781 ಮತ ಎಂದು ಪ್ರಕಟವಾಯಿತು. ಅಂತರ ಬರೀ 16. ನಮ್ಮ ಬೀದಿಯ ಒಂದು ಅಪಾರ್ಟ್‌ಮೆಂಟಿನ ಒಂದು ಮಹಡಿಯಲ್ಲಿ ಅದಕ್ಕಿಂತ ಹೆಚ್ಚು ಜನ ವಾಸವಾಗಿದ್ದಾರೆ.

ಮೂರು ದಿನಗಳ ಹಿಂದೆ ನಾನು ಆ ಇಬ್ಬರಲ್ಲಿ ಯಾರಿಗೂ ಮತ ಹಾಕಿರಲಿಲ್ಲ.

ಇದನ್ನು ಗುಟ್ಟಾಗಿ ಇಟ್ಟುಕೊಳ್ಳಬಹುದಿತ್ತು, ಇಟ್ಟುಕೊಳ್ಳಬೇಕಿತ್ತು ಕೂಡ. ಆದರೆ ಮತದಾನದ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ದೊಡ್ಡಪ್ಪನ ಎದುರು ಬಾಯಿಬಿಟ್ಟಿದ್ದೆ, ಅದು ಹೇಗೋ ಮಹಡಿ ಮನೆಯವರ ಕಿವಿಗೂ ಬಿದ್ದಿತ್ತು. ಫಲಿತಾಂಶದ ಮರುದಿನ ಬೆಳಿಗ್ಗೆ ಕಾಫಿ ಲೋಟ ಕೈಗೆ ತೆಗೆದುಕೊಳ್ಳುವುದಕ್ಕೆ ಮುಂಚೆಯೇ ದೊಡ್ಡಪ್ಪ ಶುರು ಮಾಡಿದರು. ‘ನಿನ್ನಂಥವರು ಇನ್ನೊಂದು ಹದಿನೇಳು ಜನ ಇದ್ದಿದ್ದರೆ ನಮ್ಮ ಗತಿ ಏನಾಗ್ತಿತ್ತು ಕಣಮ್ಮಾ?’ ಅವರು ಕಮಲದ ಪಕ್ಷಪಾತಿ, ಗೆದ್ದಿದ್ದರೂ ಗಾಬರಿ ಇಳಿದಿರಲಿಲ್ಲ. ಒಂದು ಗಂಟೆ ಕಳೆಯುವುದರೊಳಗೆ ಮೆಟ್ಟಿಲಲ್ಲಿ ಎದುರಾದ ಮಹಡಿ ಮನೆಯವರು, ‘ಏನ್ ಮೇಡಂ, ನಿಮ್ಮಂಥ ಓದಿದವರೇ ಹೀಗೆ ವೋಟು ಒಡೆದರೆ ಹೇಗೆ? ಹದಿನೇಳು ವೋಟು ಬಂದಿದ್ದರೆ ಸಾಕಿತ್ತು,’ ಎಂದು ನೊಂದುಕೊಂಡರು. ಅವರದು ಕೈ. ಇಬ್ಬರೂ ಬಹಳ ಸಜ್ಜನರು, ಇಬ್ಬರ ಮಾತಿನಲ್ಲೂ ನಿಜವಾದ ಬೇಸರವಿತ್ತು. ಆದರೆ ಒಬ್ಬರ ಲೆಕ್ಕದಲ್ಲಿ ನಾನು ಬಿಜೆಪಿಯ ಮತವನ್ನು ಕಳೆದಿದ್ದೆ, ಇನ್ನೊಬ್ಬರ ಲೆಕ್ಕದಲ್ಲಿ ಕಾಂಗ್ರೆಸ್ಸಿನ ಮತವನ್ನು ಕಳೆದಿದ್ದೆ. ಒಂದೇ ಮತವನ್ನು ಇಬ್ಬರಿಂದಲೂ ಕದಿಯುವುದು ಸಾಧ್ಯವಿಲ್ಲವಷ್ಟೆ. ನನ್ನ ಮತ ಮೊದಲಿನಿಂದಲೂ ತಮ್ಮ ಪಕ್ಷದ ಪೆಟ್ಟಿಗೆಯಲ್ಲಿದ್ದ ಒಡವೆ, ನಾನು ಅದನ್ನು ಹೇಳದೆ ಕೇಳದೆ ಒಯ್ದು ಎಲ್ಲೋ ಅಡವಿಟ್ಟೆ ಎಂಬ ಭಾವನೆ ಇಬ್ಬರಲ್ಲೂ ಇತ್ತು. ಆ ಭಾವನೆ ಎಲ್ಲಿಂದ ಬರುತ್ತದೆ ಎಂದು ಅಂದಿನಿಂದ ಆಗಾಗ ಯೋಚಿಸುತ್ತಿದ್ದೇನೆ.

ನಾನು ಮತ ಹಾಕಿದ ಅಭ್ಯರ್ಥಿ ಯಾರೆಂದು ಇಲ್ಲಿ ಹೇಳುವುದಿಲ್ಲ. ಅವರ ಪಕ್ಷ ಚಿಕ್ಕದು, ಅವರ ಗುರುತು ನಮ್ಮ ಅಡುಗೆಮನೆಯಲ್ಲಿ ದಿನವೂ ಕೈಗೆ ಸಿಗುವ ಒಂದು ವಸ್ತು. ಏಪ್ರಿಲ್ ಕೊನೆಯ ಒಂದು ಸಂಜೆ ಮೂರೇ ಜನರೊಂದಿಗೆ, ತಮಟೆಯಿಲ್ಲದೆ, ಹಾರವಿಲ್ಲದೆ ನಡೆದುಕೊಂಡು ಬಂದು ಗೇಟಿನ ಬಳಿ ಕರಪತ್ರ ಕೊಟ್ಟರು. ನಮ್ಮ ಹಿಂದಿನ ರಸ್ತೆಯ ರಾಜಕಾಲುವೆಯ ತಡೆಗೋಡೆ ಎರಡು ಮಳೆಗಾಲಗಳಿಂದ ಕುಸಿದೇ ಇತ್ತು. ಅದರ ವಿಷಯ ಕೇಳಿದೆ. ‘ನನಗೆ ಗೊತ್ತಿಲ್ಲಮ್ಮ, ವಿಚಾರಿಸಿ ಹೇಳ್ತೀನಿ,’ ಎಂದರು. ನಾಲ್ಕು ದಿನ ಬಿಟ್ಟು ಫೋನ್ ಮಾಡಿ, ಆ ಕೆಲಸ ಶಾಸಕರ ಕೈಯಲ್ಲಿರುವುದಲ್ಲ, ಪಾಲಿಕೆಯ ರಾಜಕಾಲುವೆ ವಿಭಾಗದ್ದು, ಕಡತ ಇಂಥ ಕಡೆ ನಿಂತಿದೆ ಎಂದು ತಿಳಿಸಿದರು. ಚುನಾವಣೆಯ ಹೊತ್ತಿನಲ್ಲಿ ‘ಗೊತ್ತಿಲ್ಲ’ ಎಂದ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು. ಮತಗಟ್ಟೆಯಲ್ಲಿ ಅವರ ಹೆಸರನ್ನು ಹುಡುಕಲು ಕಣ್ಣು ಕೆಳಗಿಳಿಯಬೇಕಾಯಿತು. ಮತಯಂತ್ರದಲ್ಲಿ ಮೊದಲು ಮಾನ್ಯತೆ ಪಡೆದ ಪಕ್ಷಗಳವರು, ಆಮೇಲೆ ನೋಂದಾಯಿತ ಸಣ್ಣ ಪಕ್ಷಗಳವರು, ಕೊನೆಗೆ ಪಕ್ಷೇತರರು, ಎಲ್ಲರಿಗಿಂತ ಕೆಳಗೆ ನೋಟಾ. ಇದು ಅಲ್ಲಿನ ಶ್ರೇಣಿ. ಗುಂಡಿ ಒತ್ತಿದೆ. (ಬೆಂಗಳೂರಿನಲ್ಲಿ ಗುಂಡಿ ಎಂದರೆ ಬೇರೆ ಅರ್ಥವೂ ಇದೆಯಷ್ಟೆ. ಒಂದನ್ನು ಮುಚ್ಚಿಸಲೆಂದೇ ಇನ್ನೊಂದನ್ನು ಒತ್ತುವುದು.) ಪಕ್ಕದ ಪೆಟ್ಟಿಗೆಯ ಗಾಜಿನ ಹಿಂದೆ 7 ಸೆಕೆಂಡು ಆ ಅಡುಗೆಮನೆಯ ವಸ್ತುವಿನ ಚಿತ್ರವಿದ್ದ ಚೀಟಿ ಕಾಣಿಸಿ ಕತ್ತರಿಸಿಕೊಂಡು ಕೆಳಗೆ ಬಿತ್ತು.

ಮೂರನೆಯವರು ಎಂದಾಗ ಕರ್ನಾಟಕದಲ್ಲಿ ಒಂದು ಗೊಂದಲ ಉಂಟು. ಹಳೇ ಮೈಸೂರಿನ ಕಡೆಯ ನಮ್ಮ ನೆಂಟರಿಗೆ ಮೂರನೆಯದು ಎಂದರೆ ದಳ, ತೆನೆ ಹೊತ್ತ ಮಹಿಳೆ. ಆದರೆ ಎರಡು ಬಾರಿ ಮುಖ್ಯಮಂತ್ರಿ ಹುದ್ದೆಯನ್ನು ಕಂಡ, ಮಾಜಿ ಪ್ರಧಾನಿ ದೇವೇಗೌಡರ ಕುಟುಂಬದ ಪಕ್ಷವನ್ನು ನಾನು ಮೂರನೆಯದು ಎನ್ನಲಾರೆ. ಅದು 2023ರ ಸೆಪ್ಟೆಂಬರಿನಲ್ಲಿ ಬಿಜೆಪಿಯ ಮೈತ್ರಿಕೂಟವನ್ನು ಸೇರಿದ ಮೇಲಂತೂ ಬೆಂಗಳೂರಿನ ನಮ್ಮ ಭಾಗದಲ್ಲಿ ಕಣ ಪೂರ್ತಿ ಎರಡು ಹೋಳಾಗಿದೆ. ನಾನು ಹೇಳುತ್ತಿರುವುದು ಠೇವಣಿಯ ಭಯದಲ್ಲಿ ನಿಲ್ಲುವವರ ಬಗ್ಗೆ. ವಿಧಾನಸಭೆಗೆ 10,000 ರೂಪಾಯಿ, ಲೋಕಸಭೆಗೆ 25,000 ರೂಪಾಯಿ ಕಟ್ಟಿ, ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗ ಸಿಗದೆ ಅದನ್ನು ಸರ್ಕಾರಕ್ಕೆ ಬಿಟ್ಟುಬರುವವರು. ಎದುರಿಗಿರುವವರು ವಿಧಾನಸಭೆಗೆ 40 ಲಕ್ಷ ರೂಪಾಯಿಯ ಮಿತಿಯೊಳಗೆ ಖರ್ಚು ಮಾಡಿದ್ದೇವೆ ಎಂದು ಲೆಕ್ಕ ಒಪ್ಪಿಸುತ್ತಾರೆ, ನಾವೂ ನಂಬಿದಂತೆ ಇರುತ್ತೇವೆ.

‘ವೋಟು ವೇಸ್ಟು’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಜಯನಗರದಲ್ಲಿ ಆ ಸಲ ನೋಟಾ ಒತ್ತಿದವರೇ 16ರ ಎಷ್ಟೋ ಪಟ್ಟು ಇದ್ದರು. ಕ್ಷೇತ್ರದ ಮತದಾರರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚಿನವರು ಮತಗಟ್ಟೆಯ ಕಡೆ ತಲೆಯನ್ನೇ ಹಾಕಿರಲಿಲ್ಲ. ಆ ಹತ್ತಾರು ಸಾವಿರ ಜನರಲ್ಲಿ ಒಬ್ಬರನ್ನಾದರೂ ದೊಡ್ಡಪ್ಪ ಕಾಫಿಗೆ ಮುಂಚೆ ತರಾಟೆಗೆ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಬುಧವಾರದ ರಜೆಗೆ ವಾರದ ಉಳಿದ ದಿನಗಳನ್ನೂ ಜೋಡಿಸಿಕೊಂಡು ಚಿಕ್ಕಮಗಳೂರಿಗೋ ಮಡಿಕೇರಿಗೋ ಹೋದವರ ಮೇಲೆ ಇಲ್ಲದ ಸಿಟ್ಟು, ಬಿಸಿಲಿನಲ್ಲಿ ಸಾಲಿನಲ್ಲಿ ನಿಂತು ಮೂರನೆಯವರಿಗೆ ಮತ ಹಾಕಿ ಬಂದವಳ ಮೇಲೆ ಬರುತ್ತದೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರು 40,752 ಮತ ಪಡೆದು, 40,751 ಮತ ಪಡೆದ ಎ.ಆರ್. ಕೃಷ್ಣಮೂರ್ತಿಯವರನ್ನು ಒಂದೇ ಒಂದು ಮತದಿಂದ ಸೋಲಿಸಿದ್ದು ಎಲ್ಲರಿಗೂ ನೆನಪಿದೆ. ಆಗ ಜನ ಆಡಿಕೊಂಡದ್ದು ಮತ ಹಾಕದೇ ಉಳಿದ ಕಾರು ಚಾಲಕನ ಕಥೆಯನ್ನು. ಅದು ನ್ಯಾಯವಾದ ಕಥೆ ಎಂದು ನನಗೆ ಅನ್ನಿಸುತ್ತದೆ. ಬಾರದವನನ್ನು ದೂರಬಹುದು, ಬಂದು ತನ್ನ ಮನಸ್ಸಿಗೆ ಒಪ್ಪಿದ್ದನ್ನು ಹೇಳಿ ಹೋದವನನ್ನು ಏನೆಂದು ದೂರುವುದು?

ಇದಕ್ಕೆ ಇನ್ನೊಂದು ಮಗ್ಗುಲಿದೆ. ಮರುವರ್ಷ, 2024ರ ಏಪ್ರಿಲ್ 26ರಂದು, ಅದೇ ಮತಗಟ್ಟೆಯಲ್ಲಿ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರಕ್ಕೆ ಮತ ಹಾಕಿದೆವು. ಕಾಂಗ್ರೆಸ್ಸಿನಿಂದ ನಿಂತವರು ಅದೇ ಸೌಮ್ಯಾ ರೆಡ್ಡಿಯವರು. ಬಿಜೆಪಿಯ ತೇಜಸ್ವಿ ಸೂರ್ಯ ಅವರು ಗೆದ್ದ ಅಂತರ 2,77,083. ಆ ಎರಡೂಮುಕ್ಕಾಲು ಲಕ್ಷ ಮತಗಳಲ್ಲಿ ಒಂದು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ತೆಗೆದುಹಾಕಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಹಾಗಿದ್ದರೆ ಅವೆಲ್ಲ ವೇಸ್ಟೇ? ಯಾರೂ ಹಾಗೆನ್ನುವುದಿಲ್ಲ, ಅದನ್ನು ‘ಭರ್ಜರಿ ಗೆಲುವು’ ಎನ್ನುತ್ತಾರೆ. ಗೆದ್ದವರ ಹೆಚ್ಚುವರಿ ಮತಕ್ಕೆ ಮರ್ಯಾದೆ ಇದೆ, ಎರಡನೆಯವರ ಮತಕ್ಕೆ ಅನುಕಂಪ ಇದೆ, ಮೂರನೆಯವರ ಮತಕ್ಕೆ ಮಾತ್ರ ಬೈಗುಳ. ಇದು ಗಣಿತವಲ್ಲ, ಅಭ್ಯಾಸ.

ಹಾಗೆಂದು ಗಣಿತವನ್ನು ತಳ್ಳಿಹಾಕಲಾರೆ. ಅಮೆರಿಕದ 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯವನ್ನು ಜಾರ್ಜ್ ಬುಷ್ ಗೆದ್ದದ್ದು 537 ಮತಗಳಿಂದ. ಗ್ರೀನ್ ಪಕ್ಷದ ರಾಲ್ಫ್ ನೇಡರ್ ಅವರಿಗೆ ಅಲ್ಲಿ 97,488 ಮತಗಳು ಬಿದ್ದಿದ್ದವು. ಇಪ್ಪತ್ತು ವರ್ಷ ಕಳೆದರೂ ಅಲ್ಲಿ ಮೂರನೆಯವರ ಮಾತೆತ್ತಿದರೆ ಜನ ಮೊದಲು ಹೇಳುವುದು ಆ ಫ್ಲಾರಿಡಾದ ಕಥೆಯನ್ನೇ. ಅದಕ್ಕೆ ಮುಂಚೆ 1992ರಲ್ಲಿ ರಾಸ್ ಪೆರೋ ದೇಶದಾದ್ಯಂತ ನೂರಕ್ಕೆ ಸುಮಾರು 19 ಮತ ಪಡೆದು, ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿ ಮತಗಳಲ್ಲಿ ಒಂದನ್ನೂ ಗಳಿಸಲಿಲ್ಲ. ಯಾರಿಗೆ ಒಂದು ಮತ ಹೆಚ್ಚೋ ಅವರೇ ಗೆದ್ದರು ಎನ್ನುವ ಪದ್ಧತಿ ಇರುವ ಕಡೆಯೆಲ್ಲ ಎರಡೇ ಪಕ್ಷಗಳು ಉಳಿಯುವತ್ತ ರಾಜಕೀಯ ಸರಿಯುತ್ತದೆ ಎಂದು ಫ್ರಾನ್ಸಿನ ಮೊರಿಸ್ ದ್ಯುವರ್ಜೆ 1950ರ ದಶಕದಲ್ಲೇ ಹೇಳಿದ್ದರು. ಅದೇ ಪದ್ಧತಿ ನಮ್ಮಲ್ಲೂ ಇದೆ. ಮಹಡಿ ಮನೆಯವರ ಬೇಸರ ಪೊಳ್ಳಲ್ಲ.

ಆದರೆ ಎರಡು ಎಂದರೆ ಯಾವ ಎರಡು? ಇಲ್ಲಿ ದೊಡ್ಡಪ್ಪನ ಹಳೆಯ ಕಥೆಯನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ ಬಿಜೆಪಿ 18 ಸ್ಥಾನ ಗೆದ್ದು ಹೊರಗಿನಿಂದ ಬೆಂಬಲ ಕೊಟ್ಟಿತ್ತು. 1985ರ ಚುನಾವಣೆಯಲ್ಲಿ ಊರೆಲ್ಲ ಹೆಗಡೆಯವರ ಹಿಂದೆ ಹೋಯಿತು, ಜನತಾ ಪಕ್ಷಕ್ಕೆ 139 ಸ್ಥಾನ ಬಂದವು, ಬಿಜೆಪಿಗೆ ಉಳಿದದ್ದು 2. ಆ ಸಲವೂ ದೊಡ್ಡಪ್ಪ ಕಮಲಕ್ಕೇ ಹಾಕಿದ್ದರು. ನಮ್ಮ ತಾತ ಹೆಗಡೆಯವರ ಕಟ್ಟಾ ಅಭಿಮಾನಿ. ‘ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತಲ್ಲೋ ನಿನ್ನ ವೋಟು,’ ಎಂದು ಇಡೀ ಮನೆಯ ಎದುರು ಗೇಲಿ ಮಾಡಿದ್ದರಂತೆ. 1989ರಲ್ಲಿ ಬಿಜೆಪಿಗೆ ಬಂದದ್ದು 4. 1994ರಲ್ಲಿ 40 ಗೆದ್ದು ವಿರೋಧ ಪಕ್ಷವಾಯಿತು, 2008ರಲ್ಲಿ 110 ಗೆದ್ದು ತನ್ನದೇ ಸರ್ಕಾರ ಮಾಡಿತು. ಇತ್ತ ತಾತನ ಜನತಾ ಪಕ್ಷ ದಳವಾಗಿ, ದಳ ಹೋಳುಹೋಳಾಗಿ, ಇಂದು ಅದರ ಹೆಸರು ಹೇಳಬೇಕಾದರೆ ಆವರಣದಲ್ಲಿ ಇನ್ನೊಂದು ಅಕ್ಷರ ಸೇರಿಸಬೇಕು. ಈ ಕಥೆಯನ್ನು ನೆನಪಿಸಿದಾಗ ದೊಡ್ಡಪ್ಪ ನಕ್ಕು, ‘ಅದು ಬೇರೆ, ನಮ್ಮದು ಸಿದ್ಧಾಂತ,’ ಎಂದರು. ಮೂರನೆಯದಾಗಿದ್ದಾಗ ಎಲ್ಲರಿಗೂ ತಮ್ಮದು ಸಿದ್ಧಾಂತವೇ.

ನನ್ನ ವಾದ ಇಷ್ಟರಲ್ಲೇ ಗೆದ್ದಿತೆಂದು ಬೀಗಬಹುದಿತ್ತು. ಬೀಗಲು ಬಿಡದಿರುವುದು ಮೂರನೆಯವರು ಗೆದ್ದ ಮೇಲೆ ನಡೆದುಕೊಂಡ ರೀತಿ. 2008ರಲ್ಲಿ ಬಿಜೆಪಿಗೆ ಬಹುಮತಕ್ಕೆ ಮೂರು ಸ್ಥಾನ ಕಡಿಮೆ ಬಿದ್ದಾಗ, ಗೆದ್ದಿದ್ದ 6 ಪಕ್ಷೇತರರಲ್ಲಿ 5 ಮಂದಿ ಬೆಂಬಲ ಕೊಟ್ಟು ಮಂತ್ರಿಗಳಾದರು. 2010ರಲ್ಲಿ ಬಂಡೆದ್ದರು, ಅನರ್ಹರಾದರು, 2011ರಲ್ಲಿ ಸುಪ್ರೀಂ ಕೋರ್ಟು ಆ ಅನರ್ಹತೆಯನ್ನು ರದ್ದು ಮಾಡಿತು. ಆ ಐವರಿಗೆ ಮತ ಹಾಕಿದವರು ಎರಡೂ ಪಕ್ಷ ಬೇಡವೆಂದು ಹಾಕಿದ್ದರೋ ಏನೋ, ಅವರ ಮತ ಮಾತ್ರ ವಿಧಾನಸೌಧದ ಮೆಟ್ಟಿಲು ಹತ್ತುವಾಗ ಒಂದು ಪಕ್ಷದ ಶಾಲು ಹೊದ್ದಿತ್ತು. 2013ರಲ್ಲಿ, ಬಿಜೆಪಿ ತೊರೆದಿದ್ದ ಯಡಿಯೂರಪ್ಪನವರ ಕೆಜೆಪಿ ನೂರಕ್ಕೆ ಹತ್ತರ ಹತ್ತಿರ ಮತ ಪಡೆದು 6 ಸ್ಥಾನ ಗೆದ್ದಿತು, ಬಿಜೆಪಿಯನ್ನು 40ಕ್ಕೆ ಇಳಿಸಿತು, ಮರುವರ್ಷವೇ ಯಡಿಯೂರಪ್ಪನವರು ಹಳೆಯ ಮನೆಗೆ ಮರಳಿದರು. ಬೆಂಗಳೂರಿನ ಉದಾಹರಣೆ ಇನ್ನೂ ಸೊಗಸು. 2015ರ ಆಗಸ್ಟಿನ ಪಾಲಿಕೆ ಚುನಾವಣೆಯಲ್ಲಿ 198 ವಾರ್ಡುಗಳ ಪೈಕಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14 ಗೆದ್ದವು. ಉಳಿದ 8 ಮಂದಿಯಲ್ಲಿ ಹೆಚ್ಚಿನವರು ಪಕ್ಷೇತರರು. ಮೇಯರ್ ಆಯ್ಕೆಯಲ್ಲಿ ಶಾಸಕರು, ಸಂಸದರೂ ಮತ ಹಾಕುತ್ತಿದ್ದುದರಿಂದ ಲೆಕ್ಕ ತಿರುಗಿತು. ಪಕ್ಷೇತರರು ಕೇರಳದ ರೆಸಾರ್ಟಿನಿಂದ ಮರಳಿ ಬಂದು ಕೈ ಎತ್ತಿದರು, ಮೇಯರ್ ಹುದ್ದೆ ಕಾಂಗ್ರೆಸ್ಸಿಗೆ ಹೋಯಿತು. ವಾರ್ಡಿನ ಕಸ ಎತ್ತಿಸುತ್ತೇನೆಂದು ಮತ ಕೇಳಿದ್ದವರು ಹಿನ್ನೀರಿನಲ್ಲಿ ದೋಣಿವಿಹಾರ ಮಾಡುತ್ತಿದ್ದರು. ಆ ವಾರ ನಮ್ಮ ಬೀದಿಯಲ್ಲಿ ‘ಎಲ್ಲ ಒಂದೇ’ ಎಂದವರಿಗೆ ಉತ್ತರ ಕೊಡಲು ನನ್ನ ಬಳಿ ಏನೂ ಇರಲಿಲ್ಲ.

ಬೆಂಗಳೂರಿಗೆ ಇನ್ನೊಂದು ಬಗೆಯ ಮೂರನೆಯವರ ಪರಿಚಯ ಚೆನ್ನಾಗಿದೆ, ಹೆಸರುವಾಸಿಗಳು. 2009ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರು ದಕ್ಷಿಣದಿಂದ, 2019ರಲ್ಲಿ ಪ್ರಕಾಶ್ ರಾಜ್ ಬೆಂಗಳೂರು ಕೇಂದ್ರದಿಂದ ಪಕ್ಷೇತರರಾಗಿ ನಿಂತರು. ಸಭೆಗಳಿಗೆ ಜನ ಬಂದರು, ಪತ್ರಿಕೆಗಳು ಬರೆದವು, ಮತ ಮಾತ್ರ ಬೀಳಲಿಲ್ಲ. ಅವರು ಸೋತದ್ದಕ್ಕೆ ನನ್ನ ತಕರಾರಿಲ್ಲ, ಮತ್ತೊಮ್ಮೆ ಅದೇ ಕ್ಷೇತ್ರದಲ್ಲಿ ನಿಲ್ಲಲಿಲ್ಲವಲ್ಲ ಎಂಬುದು ನನ್ನ ಬೇಸರ. ಇದಕ್ಕೆ ಎದುರಾಗಿ ಮಂಡ್ಯದ ಕಡೆಯ ರೈತ ಸಂಘವನ್ನು ನೋಡಿ. ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ ಗೆದ್ದವರು, ವಿಧಾನಸಭೆಗೆ ಮರಳಿದ್ದು 2013ರಲ್ಲಿ, ಮೇಲುಕೋಟೆಯಿಂದ. ನಡುವಿನ ಹತ್ತೊಂಬತ್ತು ವರ್ಷ ಹಸಿರು ಶಾಲು ಹೆಗಲಿನಿಂದ ಇಳಿಯಲಿಲ್ಲ. 2018ರಲ್ಲಿ ಅವರು ತೀರಿಕೊಂಡ ಮೇಲೆ ಮಗ ದರ್ಶನ್ ಒಮ್ಮೆ ಸೋತು, 2023ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದರು. ಆ ಗೆಲುವಿನಲ್ಲಿ ಕಾಂಗ್ರೆಸ್ಸಿನ ಬೆಂಬಲದ ಪಾಲೂ ಇತ್ತು ಎಂಬುದನ್ನು ಮರೆಮಾಚಬಾರದು. 2019ರಲ್ಲಿ ಅದೇ ಜಿಲ್ಲೆಯಲ್ಲಿ ಪಕ್ಷೇತರರಾಗಿ ಸುಮಲತಾ ಗೆದ್ದಾಗ ಬಿಜೆಪಿಯ ಬೆಂಬಲವಿದ್ದ ಹಾಗೆ. (ಆ ಚುನಾವಣೆಯ ಕಣದಲ್ಲಿ ಇನ್ನೂ ಮೂವರು ಸುಮಲತಾ ಇದ್ದರು. ಮೂರನೆಯವರಿಗೆ ಮರ್ಯಾದೆ ಕೊಡದ ಊರಿನಲ್ಲಿ ನಾಲ್ಕನೆಯ, ಐದನೆಯವರಿಗೆ ಮಾತ್ರ ಯಾರೋ ಠೇವಣಿ ಕಟ್ಟಿಸುತ್ತಾರೆ.) ಎರಡರಲ್ಲಿ ಒಂದು ಪಕ್ಷ ಪಕ್ಕಕ್ಕೆ ಸರಿದು ದಾರಿ ಬಿಟ್ಟ ಕಡೆಯೇ ಮೂರನೆಯವರಿಗೆ ಗೆಲುವು ಸಲೀಸು. ಬೆಂಗಳೂರಿನ ಕ್ಷೇತ್ರಗಳಲ್ಲಿ ಅಂಥ ಉದಾರತೆ ಯಾರಿಗೂ ಇಲ್ಲ.

ಈ ಎಲ್ಲ ಗೋಜಲಿನ ನಡುವೆ 2024ರ ಜೂನ್ 3ರಂದು ನನ್ನ ಕೈಗೊಂದು ನೇರಳೆ ಬಣ್ಣದ ಸ್ಕೆಚ್ ಪೆನ್ ಬಂತು. ವಿಧಾನ ಪರಿಷತ್ತಿನ ಬೆಂಗಳೂರು ಪದವೀಧರ ಕ್ಷೇತ್ರದ ಚುನಾವಣೆ ಅದು. ಪ್ರತಿ ಸಲವೂ ಹೊಸದಾಗಿ ಹೆಸರು ನೋಂದಾಯಿಸಬೇಕಾದ್ದರಿಂದ ಡಿಗ್ರಿ ಇದ್ದವರಲ್ಲೂ ಬಹಳ ಮಂದಿ ಆ ಕಡೆ ಹೋಗುವುದೇ ಇಲ್ಲ. ಅಲ್ಲಿ ಯಂತ್ರವಿಲ್ಲ, ಕಾಗದದ ಮತಪತ್ರ. ಹೆಸರುಗಳ ಮುಂದೆ ಅವರೇ ಕೊಟ್ಟ ಪೆನ್ನಿನಲ್ಲಿ 1, 2, 3 ಎಂದು ಪ್ರಾಶಸ್ತ್ಯದ ಅಂಕಿ ಬರೆಯಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಕೊನೆಯವರನ್ನು ಕಣದಿಂದ ಕೈಬಿಟ್ಟು, ಅವರಿಗೆ 1 ಬರೆದವರ ಮತಪತ್ರಗಳನ್ನು 2 ಬರೆದ ಹೆಸರಿಗೆ ವರ್ಗಾಯಿಸುತ್ತಾರೆ. ಹೀಗೆ ಕೆಳಗಿನಿಂದ ಒಬ್ಬೊಬ್ಬರೇ ಹೊರಡುತ್ತಾರೆ.

ರಟ್ಟಿನ ಮರೆಯ ಹಿಂದೆ ನಿಂತು ಒಬ್ಬ ಪಕ್ಷೇತರರ ಮುಂದೆ 1 ಬರೆದೆ. ಆಮೇಲೆ, ದೊಡ್ಡ ಎರಡು ಪಕ್ಷಗಳಲ್ಲಿ ಯಾರು ಬಂದರೆ ನಷ್ಟ ಕಡಿಮೆ ಎಂದು ಯೋಚಿಸಿ ಅವರ ಮುಂದೆ 2 ಬರೆದೆ. ಪೆನ್ನಿನ ಶಾಯಿ ಕಾಗದದ ಮೇಲೆ ಸ್ವಲ್ಪ ಹರಡಿತು, ಒಣಗಲೆಂದು ಊದಿದೆ. ಎದುರಿನ ಮೇಜಿನ ಸಿಬ್ಬಂದಿಯೊಬ್ಬರು, ‘ಬೇಗ ಮಡಚಿ ಹಾಕಮ್ಮ,’ ಎಂದರು. ಇಷ್ಟು ವರ್ಷ ಮತ ಹಾಕಿದ ಮೇಲೆ, ನನ್ನ ಮನಸ್ಸಿನಲ್ಲಿದ್ದದ್ದನ್ನು ಪೂರ್ತಿಯಾಗಿ ಹೇಳಿದೆ ಅನ್ನಿಸಿದ್ದು ಅಂದು ಮಾತ್ರ. ನನಗೆ ಇವರು ಬೇಕು, ಇವರಾಗದಿದ್ದರೆ ಅವರಾಗಲಿ, ಈ ಎರಡು ವಾಕ್ಯ ಹೇಳಲು ಬಿಟ್ಟರೆ ದೊಡ್ಡಪ್ಪನಿಗೂ ಮಹಡಿ ಮನೆಯವರಿಗೂ ನನ್ನ ಮೇಲೆ ಮುನಿಯಲು ಕಾರಣವೇ ಉಳಿಯುವುದಿಲ್ಲ. ವೋಟು ಒಡೆದಳು ಎಂಬ ಅಪವಾದ ನನ್ನ ಸ್ವಭಾವದಿಂದ ಹುಟ್ಟಿದ್ದಲ್ಲ, ಎಣಿಸುವ ರೀತಿಯಿಂದ ಹುಟ್ಟಿದ್ದು. ಒಂದೇ ಊರಿನ ಒಬ್ಬಳೇ ಮತದಾರಳಿಗೆ ಪರಿಷತ್ತಿಗೆ ಎರಡು ವಾಕ್ಯದ ಅವಕಾಶ, ವಿಧಾನಸಭೆಗೆ ಒಂದೇ ಪದ.

ನೇರಳೆ ಪೆನ್ನಿನ ಮೇಲೂ ಹೆಚ್ಚು ಭಾರ ಹಾಕಲಾರೆ. ಆ ಚುನಾವಣೆಯನ್ನು ಗೆದ್ದವರು ಕಾಂಗ್ರೆಸ್ಸಿನವರು, ಎದುರಿಗಿದ್ದವರು ಬಿಜೆಪಿಯವರು. ಪ್ರಾಶಸ್ತ್ಯ ಬರೆಯುವ ಸ್ವಾತಂತ್ರ್ಯವಿದ್ದರೂ ಪದವೀಧರರು ಮೊದಲು ಹುಡುಕಿದ್ದು ಪಕ್ಷವನ್ನೇ. ಇನ್ನು ಟಿಕ್ ಹಾಕಿಯೋ, ಸಹಿ ಮಾಡಿಯೋ ಇಂಥ ಚುನಾವಣೆಗಳಲ್ಲಿ ಸಾವಿರಗಟ್ಟಲೆ ಮತ ಅಸಿಂಧುವಾಗುತ್ತದೆ, ಅದೂ ಡಿಗ್ರಿ ಪಡೆದವರದು. ಎಣಿಸುವ ರೀತಿ ಬದಲಾದರೆ ಬೈಗುಳ ತಪ್ಪೀತು, ಅಭ್ಯರ್ಥಿಯನ್ನು ಗುರುತಿಸುವ ಕಣ್ಣು ತಾನಾಗಿ ಬಂದುಬಿಡುವುದಿಲ್ಲ. ಆ ಕಣ್ಣಿಗೆ ವಾರ್ಡಿನ ಮಟ್ಟದ ಅಭ್ಯಾಸ ಬೇಕು. ಅಲ್ಲಿ ಗೆಲುವು ಸೋಲು ಕೆಲವು ನೂರು ಮತಗಳ ಮಾತಾಗಿರುವುದುಂಟು, ಅಭ್ಯರ್ಥಿಯನ್ನು ಹಾಲಿನ ಬೂತಿನಲ್ಲಿ ಕಾಣಬಹುದು, ರಾಜಕಾಲುವೆಯ ಗೋಡೆಯ ಪಕ್ಕವೇ ನಿಲ್ಲಿಸಿ ಕೇಳಬಹುದು. 2015ರಲ್ಲಿ ಆರಿಸಿದ ಆ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕಾಲ. 2025ರ ಸೆಪ್ಟೆಂಬರಿನಲ್ಲಿ ಊರನ್ನು ಐದು ಪಾಲಿಕೆಗಳಾಗಿ ಹಂಚಿ ಹೊಸ ಫಲಕಗಳನ್ನು ಹಾಕಿದರು. ಮೂರನೆಯವರು ಬೆಳೆಯಬಹುದಾದ ಮಡಿಯನ್ನು ಎರಡೂ ಪಕ್ಷಗಳ ಸರ್ಕಾರಗಳು ಸರದಿಯ ಮೇಲೆ ಬೀಳುಬಿಟ್ಟವು.

ಮೊನ್ನೆ ದೊಡ್ಡಪ್ಪನಿಗೆ ಹೊಸ ವಾರ್ಡಿನ ಗಡಿಯ ನಕ್ಷೆಯನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸುತ್ತಿದ್ದೆ. ನಮ್ಮ ಬೀದಿ ಎಲ್ಲಿದೆ, ಮಹಡಿ ಮನೆಯವರ ಅಣ್ಣನ ಮನೆ ಯಾವ ಕಡೆ ಬಿತ್ತು ಎಂದು ಕನ್ನಡಕ ಸರಿಸಿ ನೋಡಿದರು. ಆಮೇಲೆ, ‘ಆ ಕಾಲುವೆ ಗೋಡೆ ವಿಷಯ ಫೋನ್ ಮಾಡಿ ಹೇಳಿದ್ದರಲ್ಲ ಒಬ್ಬರು, ಅವರು ಇದಕ್ಕೆ ನಿಲ್ತಾರಾ?’ ಎಂದು ಕೇಳಿದರು. ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ ಎಂದೆ.